ಬಣ್ಣದ ತೂಕ

ನನ್ನ ಅಕ್ಕನ ಗಂಡ ಬಣ್ಣ ಹೊಡೆಯುವ ಕೆಲಸದಲ್ಲಿದ್ದರು. ಮೊದಲು ಅಂಗಡಿಗಳ ಬೋರ್ಡು ಬರೆದರು, ಆಮೇಲೆ ಬಸ್ಸುಗಳ ಮೈಗೆ ಬಣ್ಣ ಹೊಡೆದರು, ಕೊನೆಗೆ ಯುದ್ಧ ವಿಮಾನಗಳಿಗೆ ಬಂದರು. ಸಮುದ್ರದ ದಡದಲ್ಲಿದ್ದ ವಿಮಾನ ಕಾರ್ಯಾಗಾರಕ್ಕೆ ಪೇಂಟರ್ ಬೇಕಂತೆ ಎಂದು ಕೇಳಿದ ದಿನ, ತಾವು ಬಣ್ಣ ಹೊಡೆದ ಬಸ್ಸೊಂದನ್ನು ಡ್ರೈವರನ ಸಮೇತ ಗೇಟಿನ ಮುಂದೆ ತಂದು ನಿಲ್ಲಿಸಿ, "ನನ್ನ ಅರ್ಜಿ ಇದೇ" ಎಂದರಂತೆ. ಈ ಕಥೆಯನ್ನು ಹೇಳಿದವರು ಅವರೇ ಆದ್ದರಿಂದ ಅರ್ಧ ಕಳೆದು ಕೇಳಬೇಕು. ಕೆಲಸ ಸಿಕ್ಕಿದ್ದು ಮಾತ್ರ ನಿಜ.

ನಾನು ಓದು ಮುಗಿಸಿ ಅದೇ ಕಾರ್ಯಾಗಾರದಲ್ಲಿ ಹಾರಾಟದ ಲೆಕ್ಕ ಹಾಕುವ ವಿಭಾಗಕ್ಕೆ ಸೇರಿದಾಗ ಅವರ ಮನೆಯಲ್ಲೇ ಉಳಿದೆ. ಎರಡು ಕೋಣೆಯ ಕ್ವಾರ್ಟರ್ಸು, ಹಿಂದೆ ಸಣ್ಣ ಸಿಮೆಂಟು ಅಂಗಳ. ಸಂಜೆ ಭಾವ ಬಾಗಿಲು ತಟ್ಟುವ ಮೊದಲೇ ಥಿನ್ನರಿನ ವಾಸನೆ ಒಳಗೆ ಬರುತ್ತಿತ್ತು. ಅಕ್ಕ ಕುಳಿತಲ್ಲಿಂದಲೇ, "ಬಂದ್ಳು ನೋಡು ನನ್ನ ಸವತಿ, ಇವರಿಗಿಂತ ಒಂದು ಹೆಜ್ಜೆ ಮುಂದೆ" ಎನ್ನುತ್ತಿದ್ದಳು. ಭಾವ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತ, "ನಿನ್ನ ಸವತಿ ಇವತ್ತು ಹೇಗೆ ಕಾಣ್ತಿದ್ಳು ಗೊತ್ತಾ?" ಎಂದು ಶುರು ಮಾಡಿದರೆ ಊಟ ತಣ್ಣಗಾಗುವವರೆಗೂ ಅದೇ ಮಾತು. ನನ್ನನ್ನು ಅವರು ಕರೆಯುತ್ತಿದ್ದುದು ಲೆಕ್ಕದಮ್ಮ ಎಂದು. ಆ ಮನೆಯಲ್ಲಿ ನನ್ನ ಹೆಸರು ಯಾರ ಬಾಯಲ್ಲೂ ಬಂದ ನೆನಪಿಲ್ಲ.

ಯುದ್ಧ ವಿಮಾನದ ಬಣ್ಣ ಹೊಳೆಯಬಾರದು. ಮಂಕು ಬೂದಿ ಬಣ್ಣ, ಆಕಾಶದಲ್ಲಿ ಕಣ್ಣಿಗೆ ಬೀಳದಂಥದ್ದು. ಬಸ್ಸಿನ ಮೈಯಲ್ಲಿ ತಮ್ಮ ಮೀಸೆ ನೋಡಿಕೊಂಡು ಬೆಳೆದವರಿಗೆ ಇದು ದೊಡ್ಡ ಶಿಕ್ಷೆ. "ಹೊಳಪು ಬೇಡ ಅಂದ್ರೆ ಬೇಡ, ನುಣುಪಾದ್ರೂ ಇರಲಿ" ಎಂದು ಅವರು ತಗಡು ಜೋಡಿಸುವ ರಿವೆಟ್ಟಿನ ಗುಳಿಗಳನ್ನೆಲ್ಲ ಪುಟ್ಟಿಯಿಂದ ತುಂಬಿ, ಉಜ್ಜಿ, ಮೈಮೇಲೆ ಅಂಗೈ ಜಾರುವಂತೆ ಮಾಡುತ್ತಿದ್ದರು. ಹಳೆಯ ಬಣ್ಣವನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ಗಟ್ಟಿಯಾಗಿ ಕೂತಿದ್ದನ್ನು ಕೀಳುವುದು ಅವರ ಪ್ರಕಾರ ಪಾಪ. ಅದರ ಮೇಲೇ ಹೊಸದು. ಎಲ್ಲ ಮುಗಿದ ಮೇಲೆ, ಯಾರೂ ಕೇಳದ ಇನ್ನೊಂದು ಕೋಟು. ಅದಕ್ಕೆ ಅವರು ಇಟ್ಟ ಹೆಸರು 'ಸಮುದ್ರದ ಕೋಟು'. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ, ಒಂದು ಪದರ ಹೆಚ್ಚಿದ್ದರೆ ಅದು ತಿನ್ನಲು ಅಷ್ಟು ತಡ, ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಅವರು ಬಣ್ಣ ಹೊಡೆದ ವಿಮಾನಗಳ ಮೈ ಕೆಟ್ಟದ್ದು ಕಡಿಮೆ. ಉದ್ದನೆಯ ರನ್‌ವೇಯಿಂದ ಹಾರುವಷ್ಟು ಕಾಲ ಆ ಕೋಟಿನಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆಮೇಲೆ ವಿಮಾನ ಹೊರುವ ಹಡಗು ಬರುವುದೆಂದಾಯಿತು. ನಮ್ಮ ವಿಮಾನಗಳು ಇನ್ನು ಹಡಗಿನ ಮೇಲಿಂದ ಏರಬೇಕು. ಹಡಗಿನ ಅಟ್ಟ ರನ್‌ವೇಯ ಮುಂದೆ ಗೇಣುದ್ದ. ವಿಮಾನವನ್ನು ಎಳೆದು ಎಸೆಯುವ ಯಂತ್ರ ಈ ಹಡಗಿನಲ್ಲಿಲ್ಲ. ಅದರ ಬದಲು ಅಟ್ಟದ ಮೂತಿಯನ್ನು ಜಾರುಬಂಡೆಯನ್ನು ತಲೆಕೆಳಗು ಮಾಡಿದಂತೆ ಮೇಲಕ್ಕೆ ಬಾಗಿಸಿರುತ್ತಾರೆ. ವಿಮಾನ ಓಡಿ ಬಂದು ಆ ದಿಬ್ಬ ಹತ್ತಿ ಗಾಳಿಗೆ ಬೀಳುತ್ತದೆ. ಆಗ ಅದಕ್ಕೆ ಹಾರುವಷ್ಟು ವೇಗ ಇನ್ನೂ ಬಂದಿರುವುದಿಲ್ಲ. ಕೆಲವು ಕ್ಷಣ ಅದು ಎಸೆದ ಕಲ್ಲು. ಕಲ್ಲು ಮೇಲೇರಿ ಕೆಳಗಿಳಿಯುವುದರೊಳಗೆ ಎಂಜಿನ್ ಉಳಿದ ವೇಗವನ್ನು ಸಂಪಾದಿಸಿಕೊಡಬೇಕು. ಭಾರ ಹೆಚ್ಚಾದರೆ ವೇಗ ತಡವಾಗುತ್ತದೆ. ಬಿಸಿಲು ಹೆಚ್ಚಾದರೆ ಗಾಳಿ ತೆಳುವಾಗಿ ಎಂಜಿನ್ ಸೋಲುತ್ತದೆ. ಎದುರುಗಾಳಿ ಇಲ್ಲದಿದ್ದರೆ ಹಡಗೇ ಓಡಿ ಗಾಳಿ ಹುಟ್ಟಿಸಬೇಕು. ಇಂಥ ಬಿಸಿಲಿಗೆ, ಇಂಥ ಗಾಳಿಗೆ, ಎಷ್ಟು ಭಾರ ಹೊತ್ತು ಏರಬಹುದು ಎಂದು ಹೇಳುವುದೇ ನಮ್ಮ ವಿಭಾಗದ ಕೆಲಸ. ಹೆಚ್ಚಾದದ್ದನ್ನು ಇಳಿಸಬೇಕಾದರೆ ಇಳಿಸಲು ಇರುವುದು ಎರಡೇ: ಆಯುಧ, ಇಲ್ಲವೇ ಇಂಧನ.

ಅಭ್ಯಾಸಕ್ಕೆಂದು ದಡದ ಮೇಲೇ ಒಂದು ದಿಬ್ಬ ಕಟ್ಟಿದರು. ಮೊದಲ ಪರೀಕ್ಷೆಗೆ ಹೋದದ್ದು ಭಾವನ ಕೈಯಲ್ಲಿ ಮೂರು ಸಲ ಬಣ್ಣ ಕಂಡ ವಿಮಾನ. ಪೈಲಟ್‌ಗಳು ಅದನ್ನು ಮದುಮಗ ಎನ್ನುತ್ತಿದ್ದರು. ಗಾಳಿ ಬಿದ್ದುಹೋಗಿದ್ದ ಸೆಕೆಯ ದಿನ. ಭಾವ ಬೇಲಿಯ ಹತ್ತಿರ ನೆತ್ತಿಗೆ ಟವೆಲು ಹಾಕಿಕೊಂಡು ನಿಂತಿದ್ದರು. ಮದುಮಗ ದಿಬ್ಬ ಬಿಟ್ಟಿತು, ಮೂತಿ ಎತ್ತಿತು, ಏರುವ ಬದಲು ಕುಸಿಯತೊಡಗಿತು. ನೆಲದ ಧೂಳು ಅದರ ಹೊಟ್ಟೆಯ ಕೆಳಗೆ ಏಳುವುದು ಕಂಡಿತು. ಆಮೇಲೆ ಹೇಗೋ ಸಾವರಿಸಿಕೊಂಡು ಮೇಲೆ ಹೋಯಿತು. ನಮ್ಮ ಲೆಕ್ಕದ ಪ್ರಕಾರ ಅದು ಅಷ್ಟು ಇಳಿಯಬಾರದಿತ್ತು.

ಮುಖ್ಯ ಇಂಜಿನಿಯರರನ್ನು ಎಲ್ಲರೂ ಬೆನ್ನ ಹಿಂದೆ ಗಂಟುಮುಖ ಎನ್ನುತ್ತಿದ್ದರು. ಅವರು ನೇರ ನಮ್ಮ ಕೋಣೆಗೆ ಬಂದರು.

"ಏನ್ರಮ್ಮಾ ಇದು? ಕಾಗದದ ಮೇಲೆ ಹಾರುತ್ತೆ, ಹೊರಗೆ ಹಾರಲ್ಲ!"

"ಲೆಕ್ಕ ಮತ್ತೆ ಮಾಡಿ ನೋಡಿದೆ ಸಾರ್. ತಪ್ಪಿಲ್ಲ. ವಿಮಾನ ತೂಗಿಸಿ."

"ತೂಕ ಪುಸ್ತಕದಲ್ಲಿದೆಯಲ್ಲ!"

"ಅದು ಹುಟ್ಟಿದಾಗಿನ ತೂಕ. ನಿಮ್ಮದೂ ನನ್ನದೂ ಹಾಗೇ ಉಳಿದಿದೆಯಾ?"

ಅವರು ತಮ್ಮ ಹೊಟ್ಟೆಯ ಕಡೆ ನೋಡಿಕೊಳ್ಳಲಿಲ್ಲ. ತೂಗಿಸಲು ಒಪ್ಪಿದರು.

ಖಾಲಿ ಮಾಡಿದ ವಿಮಾನವನ್ನು ಮೂರು ತಕ್ಕಡಿಗಳ ಮೇಲೆ ನಿಲ್ಲಿಸಿದಾಗ ನೂರಿಪ್ಪತ್ತು ಕಿಲೋ ಹೆಚ್ಚು ಬಂತು. ಎಲ್ಲಿದೆ ಆ ಭಾರ ಎಂದು ಮುಚ್ಚಳಗಳನ್ನೆಲ್ಲ ಬಿಚ್ಚಿಸಿ ಹುಡುಕಿದೆವು. ಕೆಲಸಕ್ಕೆ ಬಾರದ ಹಳೆಯ ವೈರುಗಳು, ಸಂದಿಯ ಮರಳು, ಯಾರೋ ಮರೆತ ಒಂದು ಸ್ಪ್ಯಾನರ್. ಎಲ್ಲ ಸೇರಿ ಮೂವತ್ತು ಕಿಲೋ. ಉಳಿದ ತೊಂಬತ್ತಕ್ಕೆ ಗತಿ ಕಾಣಲಿಲ್ಲ. ಬಿಚ್ಚಿಟ್ಟ ಒಂದು ಮುಚ್ಚಳದ ಅಂಚನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದೆ. ಲೋಹದ ಮೇಲೆ ಬಣ್ಣ, ಪುಟ್ಟಿ, ಬಣ್ಣ, ಮತ್ತೆ ಬಣ್ಣ. ಈರುಳ್ಳಿ ಕತ್ತರಿಸಿದ ಹಾಗೆ ಪದರ ಪದರವಾಗಿ ಕಾಣುತ್ತಿತ್ತು.

ಆ ಸಂಜೆ ಮನೆಯಲ್ಲಿ ಭಾವನಿಗೆ ನೇರವಾಗಿ ಹೇಳಿದೆ. ಅವರು ತಟ್ಟೆಯಿಂದ ಕೈ ತೆಗೆದರು.

"ಅಂದ್ರೆ ಆ ಪೈಲಟ್ ಹುಡುಗ ಬೀಳೋಕೆ ಹೋಗಿದ್ದು ನನ್ನ ಬಣ್ಣದಿಂದ ಅಂತೀಯಾ?"

"ಸೆಕೆಯಿಂದ, ಗಾಳಿ ಇಲ್ಲದ್ದರಿಂದ, ಬಣ್ಣದಿಂದ. ಮೂರೂ ಸೇರಿ. ಮೊದಲೆರಡು ನಮ್ಮ ಕೈಯಲ್ಲಿಲ್ಲ ಭಾವ."

"ಸಮುದ್ರದ ಕೋಟು ಹಾಕದೇ ಇದ್ರೆ ಎರಡು ವರ್ಷಕ್ಕೆ ಜರಡಿ ಆಗುತ್ತೆ, ಬರೆದಿಟ್ಕೋ!"

ಅವರು ಎದ್ದು ಹಿಂದಿನ ಅಂಗಳಕ್ಕೆ ಹೋದರು. ಅಕ್ಕ ದನಿ ತಗ್ಗಿಸಿದಳು. "ನಾಳೆ ನೀನೇ ಹೋಗಿ ಸಾಹೇಬರ ಹತ್ರ ಬಣ್ಣ ಅಂತ ಹೇಳಲೇಬೇಕಾ? ವೈರು, ಮರಳು ಅಂತ ಹೇಳಿ ಮುಗಿಸು. ಇವರನ್ನು ಶೆಡ್ಡಿನಿಂದ ತೆಗೆದುಬಿಟ್ರೆ ಏನು ಮಾಡ್ತಾರೆ ಹೇಳು? ಬ್ರಷ್ ಬಿಟ್ಟು ಬೇರೆ ಏನು ಗೊತ್ತು ಆ ಮನುಷ್ಯನಿಗೆ?"

"ವಿಮಾನಕ್ಕೆ ಯಾರು ಯಾರ ಭಾವ ಅಂತ ಗೊತ್ತಾಗಲ್ಲ ಅಕ್ಕ."

"ನಿನಗಾದ್ರೂ ಗೊತ್ತಾಗ್ಬೇಕಿತ್ತು ಕಣೇ" ಎಂದಳು. ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟಳು. ಊಟದ ಹೊತ್ತಿಗೆ ಪಾತ್ರೆಯನ್ನು ಮೇಜಿನ ಮೇಲೆ ಟಕ್ಕೆಂದು ಇಡುವುದೇ ಕರೆ.

ಮರುದಿನ ನನ್ನ ಮಾತು ಕೇಳಿದ ಗಂಟುಮುಖ ಒಂದೇ ಏಟಿಗೆ ತೀರ್ಮಾನ ಮಾಡಿದರು. ಭಾವ ಉಗ್ರಾಣಕ್ಕೆ ಹೋಗಲಿ, ಡಬ್ಬ ಬ್ರಷ್ಷುಗಳನ್ನು ಎಣಿಸಿ ಕೊಡುತ್ತಿರಲಿ, ಬಣ್ಣದ ಕೆಲಸ ಹೊರಗಿನ ಗುತ್ತಿಗೆದಾರನಿಗೆ. ಭಾವ ಅಲ್ಲೇ ನಿಂತಿದ್ದರು. ಅಂಗಿಯ ಗುಂಡಿಗೆ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದರು.

ಆಗ ನಾನು ನಡುವೆ ಬಾಯಿ ಹಾಕಿದ್ದು ಕನಿಕರದಿಂದಲ್ಲ. ಹಳೆಯ ಬಣ್ಣ ಕೀಳುವಾಗ ತೆಳು ಲೋಹದ ಮೇಲೆ ಒಂದು ಗೀರು ಬಿದ್ದರೂ ಅಲ್ಲಿಂದ ಬಿರುಕು ಶುರುವಾಗುತ್ತದೆ. ಆ ಮೈಯ ಯಾವ ಜಾಗ ಮೆತ್ತಗೆ, ಯಾವುದು ಗಟ್ಟಿ ಎಂದು ತಿಳಿಯದವನ ಕೈಗೆ ವಿಮಾನ ಕೊಡುವುದು ಮೂರ್ಖತನ. "ಇವರೇ ಕೀಳಲಿ ಸಾರ್, ಇವರೇ ಹೊಡೆಯಲಿ. ಇದೊಂದು ವಿಮಾನ. ಹೊಸ ಬಣ್ಣ ಇಪ್ಪತ್ತೈದು ಕಿಲೋ ದಾಟಿದರೆ ಉಗ್ರಾಣ ಇದ್ದೇ ಇದೆ."

"ಇಪ್ಪತ್ತೈದಾ?" ಎಂದರು ಭಾವ. "ನನ್ನ ಅಡಿಯ ಪ್ರೈಮರ್ ಕೋಟೇ ಅಷ್ಟಾಗುತ್ತೆ."

"ಹಾಗಾದ್ರೆ ಉಗ್ರಾಣದ ಬೀಗದ ಕೈ ಈಗ್ಲೇ ತಗೊಳ್ಳಿ" ಎಂದರು ಗಂಟುಮುಖ.

ಕೀಳುವ ಕೆಲಸ ಹಲವು ದಿನ ಹಿಡಿಯಿತು. ರಾಸಾಯನಿಕ ಬಳಿದು, ಬಣ್ಣ ಬೊಬ್ಬೆ ಎದ್ದ ಮೇಲೆ ಮರದ ಚಕ್ಕೆಯಿಂದ ಎಬ್ಬಿಸಬೇಕು. ಭಾವ ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ನೆಲದ ಮೇಲೆ ಉದುರಿದ್ದನ್ನು ಗೋಣಿಚೀಲಗಳಿಗೆ ತುಂಬಿದರು. ಕೊನೆಯ ಚೀಲವನ್ನು ಎತ್ತಲು ಹೋದವರು ಎತ್ತಲಾರದೆ ಕೆಳಗಿಟ್ಟು, ಸುಮ್ಮನೆ ಅದರ ಮೇಲೇ ಕುಳಿತುಬಿಟ್ಟರು. "ಇದೆಲ್ಲ ಹೊತ್ತುಕೊಂಡು ಹೋಗ್ತಿದ್ನಲ್ಲ ಆ ಹುಡುಗ" ಎಂದರು. ನನಗೆ ಹೇಳಿದ್ದಲ್ಲ.

ಕಷ್ಟ ಶುರುವಾದದ್ದು ಆಮೇಲೆ. ದಪ್ಪಗೆ ಹೊಡೆಯುವ ಕೈಗೆ ತೆಳ್ಳಗೆ ಹೊಡೆಯಲು ಬಾರದು. ಅಲ್ಯೂಮಿನಿಯಂ ತಗಡಿನ ತುಂಡುಗಳನ್ನು ಕಚೇರಿಯಿಂದ ತಂದು ಕೊಟ್ಟೆ. ರಜಾ ದಿನ ಹಿಂದಿನ ಅಂಗಳದಲ್ಲಿ ಸ್ಪ್ರೇ ಗನ್ ಹಿಡಿದು ಅಭ್ಯಾಸ. ಮೊದಲು ಒಮ್ಮೆ, ಒಣಗಿದ ಮೇಲೆ ಒಮ್ಮೆ ತಗಡನ್ನು ತೂಗುತ್ತಿದ್ದೆ. ಪ್ರತಿ ಸಲವೂ ಹೆಚ್ಚು. ತಗಡಿನ ನಡುವೆ ಸರಿಯಾಗಿದ್ದ ಬಣ್ಣ ಎರಡು ಅಂಚಿನಲ್ಲಿ ದಪ್ಪಗಾಗುತ್ತಿತ್ತು. ಕಾರಣ ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

"ನಿನ್ನ ತಕ್ಕಡಿಗೆ ನನ್ನ ಕಂಡ್ರೆ ಆಗಲ್ಲ ಲೆಕ್ಕದಮ್ಮ."

"ತಕ್ಕಡಿಗೆ ಯಾರನ್ನ ಕಂಡರೂ ಒಂದೇ ಭಾವ. ಇನ್ನೊಂದು ತಗಡು ತಗೊಳ್ಳಿ."

ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಬಣ್ಣ ಹಾರೀತೆಂದು ಬೆನ್ನು ತಿರುಗಿಸಿ, ಎಲ್ಲವನ್ನೂ ಅಂಗಳದ ಆ ಮೂಲೆಗೆ ಸರಿಸಿಕೊಂಡಿದ್ದಳು. ಇದ್ದಕ್ಕಿದ್ದಂತೆ ತಿರುಗಿ, "ರೀ, ಆ ಕಡೆ ಹೋಗಿ ಈ ಕಡೆ ತಿರುಗೋವಾಗ ನಿಂತ್ಕೋತೀರಲ್ಲ, ಯಾಕೆ?" ಎಂದಳು.

"ಎಲ್ಲಿ ನಿಂತ್ಕೋತೀನಿ?"

"ಅಲ್ಲೇ. ತುದಿಗೆ ಹೋಗಿ, ಸೊಗಸಾಗಿದೆಯಾ ಅಂತ ಒಂದು ಗಳಿಗೆ ನೋಡಿ, ಆಮೇಲೆ ವಾಪಸ್ ಬರ್ತೀರ. ನೀವು ನೋಡ್ತಾ ಇರೋವಾಗ ಅದು ಸುರೀತಾನೇ ಇರುತ್ತೆ." ಆಮೇಲೆ ನನ್ನ ಕಡೆ ನೋಡಿ, "ಇಷ್ಟು ಓದಿದ್ದೀಯ, ಗಂಡಸರು ಕನ್ನಡಿ ಮುಂದೆ ನಿಲ್ಲೋದು ನೋಡಿಲ್ವಾ?" ಎಂದಳು. ಅವಳು ನನ್ನೊಡನೆ ಮತ್ತೆ ಮಾತು ಶುರುಮಾಡಿದ್ದು ಹೀಗೆ.

ಬಸ್ಸಿನ ಕಾಲದ ಚಾಳಿ ಅದು. ಬಿಡಲು ಭಾವನಿಗೆ ಬಹಳ ಕಷ್ಟವಾಯಿತು. ಅಂಚು ದಾಟುವ ಮೊದಲೇ ಗನ್ನಿನ ಗುಂಡಿ ಬಿಡಬೇಕು, ಕೈ ಮಾತ್ರ ಮುಂದೆ ಹೋಗಬೇಕು. ಅಕ್ಕ ಮೆಟ್ಟಿಲ ಮೇಲೆ ಕುಳಿತು, "ನಿಂತ್ರಿ!" ಎಂದು ಕೂಗುವಳು. "ಇಲ್ಲ ಮಾರಾಯ್ತಿ!" ಎಂದು ಇವರು. ಪಕ್ಕದ ಮನೆಯವರು ಗಂಡ ಹೆಂಡತಿಗೆ ದೊಡ್ಡ ಜಗಳವೆಂದು ತಿಳಿದು ಬೇಲಿಯ ಮೇಲಿಂದ ಇಣುಕಿದ್ದುಂಟು. ತಗಡುಗಳು ನಿಧಾನಕ್ಕೆ ಹಗುರವಾದವು.

ವಿಮಾನಕ್ಕೆ ಬಣ್ಣ ಹೊಡೆಯುವಾಗ ಶೆಡ್ಡಿನೊಳಗೆ ನಾನು ಹೋಗಲಿಲ್ಲ. ಒಣಗಿ, ತಕ್ಕಡಿಗಳ ಮೇಲೆ ನಿಂತ ದಿನ ಹೋದೆ. ಅದನ್ನು ಕಂಡು ಪೈಲಟ್‌ಗಳು ನಕ್ಕರು. ಪುಟ್ಟಿ ಇಲ್ಲದ ಮೈಯಲ್ಲಿ ರಿವೆಟ್ಟುಗಳು ಸಾಲಾಗಿ ಎದ್ದು ಕಾಣುತ್ತಿದ್ದವು. "ಮದುಮಗನಿಗೆ ಸಿಡುಬು ಎದ್ದಿದ್ಯಾ ಹೇಗೆ?" ಎಂದನೊಬ್ಬ. ಭಾವನ ಮುಖ ಸಣ್ಣದಾಯಿತು. ಮೂರು ತಕ್ಕಡಿಯವರೂ ಅಂಕಿ ಕೂಗಿದರು. ಗಂಟುಮುಖ ಕೂಡಿದರು, ನಾನು ಬೇರೆಯಾಗಿ ಕೂಡಿದೆ. ಬಣ್ಣದ ಪಾಲು ಇಪ್ಪತ್ತನಾಲ್ಕು ಕಿಲೋ ಮತ್ತು ಸ್ವಲ್ಪ.

ಗಂಟುಮುಖ ಹೊಗಳುವ ಜಾತಿಯಲ್ಲ. "ಮುಂದಿನದನ್ನ ಎಳ್ಕೊಂಡು ಬನ್ನಿ" ಎಂದಷ್ಟೇ ಹೇಳಿ ಹೊರಟರು. ಉಗ್ರಾಣದ ಮಾತು ಮತ್ತೆ ಯಾರೂ ಎತ್ತಲಿಲ್ಲ.

"ಉಳಿಸಿದ್ದರಲ್ಲಿ ಏನು ಬರುತ್ತೆ?" ಎಂದು ಭಾವ ನನ್ನನ್ನು ಕೇಳಿದರು.

"ಅಷ್ಟೇ ತೂಕದ ಇಂಧನ. ಇಳಿಯುವಾಗ ಒಮ್ಮೆ ತಪ್ಪಿದರೆ, ಇನ್ನೊಮ್ಮೆ ಪ್ರಯತ್ನಿಸಲು ಸ್ವಲ್ಪ ಹೊತ್ತು."

"ಸ್ವಲ್ಪ ಹೊತ್ತು" ಎಂದು ಅವರು ಆ ಮಾತನ್ನೇ ಮತ್ತೆ ಹೇಳಿಕೊಂಡು, ವಿಮಾನ ಎಳೆಯುವ ಟ್ರ್ಯಾಕ್ಟರಿನವನಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದರು.

ಅವರು ಹೇಳಿದ್ದೂ ಸುಳ್ಳಾಗಲಿಲ್ಲ. ಸಮುದ್ರದ ಕೋಟಿಲ್ಲದ ಮೈಗಳಲ್ಲಿ ರಿವೆಟ್ಟಿನ ಸುತ್ತ ಉಪ್ಪು ತಿಂದ ಲೋಹದ ಬಿಳಿಯ ಪುಡಿ ಏಳತೊಡಗಿತು. ಹಾರಿ ಬಂದ ಪ್ರತಿ ವಿಮಾನವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು, ದೀಪ ಹಿಡಿದು ಒಂದೊಂದು ರಿವೆಟ್ಟನ್ನೂ ನೋಡಬೇಕು, ಪುಡಿ ಕಂಡಲ್ಲಿ ಕೆರೆದು ಸಣ್ಣ ಬ್ರಷ್ಷಿನಿಂದ ಚುಕ್ಕೆ ಇಡಬೇಕು ಎಂದಾಯಿತು. ಆ ಕೆಲಸವೂ ಅವರ ಪಾಲಿಗೇ ಬಂತು. ನಿವೃತ್ತಿಯವರೆಗೆ ಅದನ್ನು ಗೊಣಗುತ್ತಲೇ ಮಾಡಿದರು, ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಹಡಗಿನ ಮೇಲಿಂದ ಅವರ ವಿಮಾನ ಏರಿದ್ದನ್ನು ಅವರು ಒಮ್ಮೆಯೂ ನೋಡಲಿಲ್ಲ. ಅದು ದೂರದ ಸಮುದ್ರದಲ್ಲಿ ನಡೆಯುವ ಕೆಲಸ, ದಡದವರಿಗೆ ಕಾಣುವಂಥದ್ದಲ್ಲ.

ನಿವೃತ್ತಿಯಾಗಿ ಹಳೆಯ ಮನೆಯೊಂದನ್ನು ಸ್ವಂತಕ್ಕೆ ಕೊಂಡಾಗ ಅಡಿಗೆಮನೆಯ ಗೋಡೆಗೆ ತಾವೇ ಬಣ್ಣ ಹೊಡೆದರು. ನಾನು ನೋಡಲು ಹೋದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹೊಸ ಬಣ್ಣದ ಹಿಂದಿನಿಂದ ಹಳೆಯ ಎಣ್ಣೆಯ ಕಲೆ ಹಾಗೇ ಇಣುಕುತ್ತಿತ್ತು.

"ನೋಡೇ, ಊರಿಗೆಲ್ಲ ಬಣ್ಣ ಹೊಡೆದವರು. ದಪ್ಪಗೆ ಇನ್ನೊಂದು ಕೋಟು ಹೊಡೀರಿ ಅಂದ್ರೆ ಕೇಳಲ್ಲ. ಗೋಡೆ ಏನು ಹಾರ್ಬೇಕಾ?"

ಭಾವ ಬ್ರಷ್ಷನ್ನು ಡಬ್ಬದಲ್ಲಿ ಅದ್ದಿದರು, ಅಂಚಿಗೆ ಒರೆಸಿದರು, ಮತ್ತೆ ಒರೆಸಿದರು. ಗೋಡೆಗೆ ಮುಟ್ಟಿಸುವ ಹೊತ್ತಿಗೆ ಅದರಲ್ಲಿ ಬಣ್ಣವೇ ಉಳಿದಿರಲಿಲ್ಲ.

"ಹೊಡೆಯೋಣ ಅಂತಲೇ ಇದ್ದೀನಿ ಕಣೇ" ಎಂದರು. "ಕೈ ಬರ್ತಿಲ್ಲ."