ಹಾಫ್‌ಮನ್ ಎಸ್ಟೇಟ್ಸಿನ ಗವರ್ನರು

ದ್ವಾರಕಾನಾಥರ ಕೋಟಿನ ಜೇಬು ಗಲಗಲ ಎಂದರೆ ಇಡೀ ಹಾಫ್‌ಮನ್ ಎಸ್ಟೇಟ್ಸಿನ ಅರ್ಥವ್ಯವಸ್ಥೆಯೇ ನಿರಾಳವಾಗಿ ಉಸಿರಾಡುತ್ತದೆಂದು ಪ್ರತೀತಿ. ರಿಸರ್ವ್ ಬ್ಯಾಂಕಿನಿಂದ ನಿವೃತ್ತರಾಗಿ ವಿದೇಶದ ಈ ಊರಿನಲ್ಲಿರುವ ಮಗಳ ಮನೆಗೆ ಬಂದವರಿಗೆ ಇಲ್ಲಿ ನೋಟು ಅಚ್ಚು ಹಾಕಿಸುವ ಅಧಿಕಾರವಿಲ್ಲ. ಡಾಲರನ್ನೇ ತನ್ನ ಹಣವೆಂದು ಒಪ್ಪಿಕೊಂಡ ಪುಟ್ಟ ದೇಶದ ಕೇಂದ್ರ ಬ್ಯಾಂಕಿನಂತೆ, ಕೂಡಿಟ್ಟದ್ದರಲ್ಲೇ ಆಪದ್ಬಾಂಧವರಾಗಬೇಕು. ಹಾಗಾಗಿ ಹಿಮ ಉದುರಿ ಕಾರುಗಳೆಲ್ಲ ಮೋಡಗಳಂತೆ ತೇಲುವ ಮಧ್ಯಾಹ್ನ ದಿನಸಿ ಅಂಗಡಿಯ ಮುಂದೆ ಕನಸಿನಲ್ಲೆಂಬಂತೆ ನಿಂತು, ಫೋನಿನಲ್ಲೇ ಲೋಕವನ್ನು ಕೊಳ್ಳಬಲ್ಲ, ಆದರೆ ಸಾಮಾನು ತಳ್ಳುವ ಕಾರ್ಟಿನ ಸರಪಳಿ ಬಿಡಿಸಲು ಅದರ ಬೀಗಕ್ಕೆ ತೂರಿಸಬೇಕಾದ ಒಂದು ಕ್ವಾರ್ಟರ್, ಅಂದರೆ ಕಾಲು ಡಾಲರಿನ ನಾಣ್ಯವಿಲ್ಲದ ಜನರಿಗೆಲ್ಲ ಸಾಲ ಕೊಡುತ್ತಾರೆ. "ಅಪ್ಪ, ಅಷ್ಟಕ್ಕೆ ಸಾಲ ಯಾಕೆ? ಸುಮ್ನೆ ಕೊಟ್ಬಿಡಿ," ಎಂದಳು ಮಗಳು ಶೈಲಾ. "ಸುಮ್ನೆ ಕೊಟ್ರೆ ಹೊರಟುಹೋಗ್ತಾರಮ್ಮ. ಸಾಲ ಆದ್ರೆ ವಾಪಸ್ ಕೊಡೋಕ್ ಬಂದು ಎರಡು ಮಾತಾಡ್ತಾರೆ."