ಅಕ್ಕನ ಜೊತೆ ಚೀನಾ ದಾಟುವುದು

ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ನೆಲ ಒರೆಸುವ ಕೆಲಸ ನನ್ನದು. ಅದಕ್ಕೇ ಸಿಡ್ನಿಯ ಅಕ್ಕನ ಕಣ್ಣಿಗೆ ನಾನು ವಿಮಾನದ ವಿಷಯವೆಲ್ಲ ಬಲ್ಲವಳು. ಅವಳ ಮಗಳು ಕ್ಯಾಲಿಫೋರ್ನಿಯಾದಲ್ಲಿ ಐಟಿ ಕೆಲಸದಲ್ಲಿದ್ದಾಳೆ, ಚೊಚ್ಚಲ ಬಸುರಿ. ಚೀನಾದಿಂದ ಅವಳಿರುವ ಊರಿಗೇ ಹೊಸದಾಗಿ ನೇರ ವಿಮಾನ ಬಿಟ್ಟಿದ್ದಾರೆ. ಟಿಕೆಟ್ಟೂ ಅಗ್ಗ, ಚೀನಾದಲ್ಲಿ ಒಂದೇ ಕಡೆ ವಿಮಾನ ಬದಲಿಸಿದರೆ ಸಾಕು.

“ನೀನು ಜೊತೆಗೆ ಬಂದ್ರೆ ಬಾಣಂತನಕ್ಕೆ ಹೋಗ್ತೀನಿ ಕಣೇ,” ಎಂದಳು ಅಕ್ಕ.

ರಜೆ ಕೊಡುತ್ತಿಲ್ಲ ಎಂದೆ. ನಾನು ಕೇಳಿಯೇ ಇರಲಿಲ್ಲ. ಏಳನೇ ಕ್ಲಾಸಷ್ಟೇ ಓದಿದ ನಾನು ಏರ್‌ಪೋರ್ಟಿನ ಇಂಗ್ಲಿಷ್ ಬೋರ್ಡಿನಲ್ಲಿ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದು ಬದಲಾಗಿರುತ್ತದೆ. ಚೀನಾದಲ್ಲಿ ದಾರಿ ತಪ್ಪುವ ಭಯಕ್ಕಿಂತ, ಇದು ಅಕ್ಕನಿಗೆ ಗೊತ್ತಾಗುತ್ತದೆಂಬ ಭಯ ದೊಡ್ಡದಾಗಿತ್ತು.

ಮೊನ್ನೆ ಅಕ್ಕ ಫೋನ್ ಮಾಡಿ, “ಅಂಟಿನುಂಡೆ ಮಾಡಿಟ್ಟಿದ್ದೀನಿ, ಪಾರ್ಸೆಲ್ ಕಳಿಸಿಬಿಡ್ತೀನಿ,” ಎಂದಳು. ಮಗಳ ಬಾಣಂತನಕ್ಕೆ ತಾಯಿಯ ಬದಲು ಪಾರ್ಸೆಲ್! ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ “ಕತ್ತೆ, ಓದೋಕೆ ಬರದಿದ್ರೆ ಕೇಳೋಕೂ ಬಾಯಿಲ್ವಾ ನಿಂಗೆ?” ಎಂದಳು.

ಮರುದಿನವೇ ಕೇಳಿದೆ, ರಜೆ ಸಿಕ್ಕಿತು. ಈಗ ಕೆಲಸ ಮುಗಿದ ಮೇಲೆ ಮಾಪ್ ಒರಗಿಸಿಟ್ಟು, ಬೋರ್ಡಿನ ಕೆಳಗೆ ನಿಂತು ಓದುತ್ತೇನೆ. ತಿಳಿಯದಿದ್ದರೆ ಪಕ್ಕದವರನ್ನು ಕೇಳುತ್ತೇನೆ. ಅಂಟಿನುಂಡೆ ನಮ್ಮ ಜೊತೆಯಲ್ಲೇ ಬರುತ್ತದೆ.