ದೀಪ ಆರಿಸುವ ಡಾಕ್ಟರ್

ಗದಗಿನ ಖಾದರ್ ಡಾಕ್ಟರ್ ಎದೆಯ ಸ್ಕ್ಯಾನ್ ಮಾಡುವ ಮುನ್ನ ತಾವೇ ಎದ್ದು ದೀಪ ಆರಿಸುತ್ತಿದ್ದರು. ಕಿಟಕಿಯ ಸಂದಿಯಲ್ಲಿ ಬೆಳಕು ಬಂದರೆ ಅಲ್ಲಿಗೆ ಟವೆಲ್ ತುರುಕುತ್ತಿದ್ದರು. ಆಮೇಲೆ ಮಶೀನಿನ ಬೆಳಕಿಗೆ ಅವರ ಕನ್ನಡಕವಷ್ಟೇ ಹೊಳೆಯುತ್ತಿತ್ತು. ಯಾರಾದರೂ ಮಾತಾಡಿದರೆ, "ಹೊರಗ ಕುಂಡ್ರಿ."

ನನ್ನ ಹೆಂಡತಿ ಗಿರಿಜಾಗೆ ಮೆಟ್ಟಿಲು ಹತ್ತಿದರೆ ಏದುಸಿರು. ಅಸ್ತಮಾ ಎಂದು ಬೇರೆ ಕಡೆ ಪಂಪ್ ಕೊಟ್ಟಿದ್ದರು. ಕಾಲು ಬಾತ ಮೇಲೆ ಇನ್ನೊಬ್ಬರು ಸ್ಕ್ಯಾನ್ ಮಾಡಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ, ಗುಳಿಗೆ ನುಂಗುತ್ತಿರಬೇಕು ಎಂದರು. ಆ ರಿಪೋರ್ಟನ್ನು ಖಾದರ್ ಡಾಕ್ಟರ್ ಮಡಿಚಿ ಪಕ್ಕಕ್ಕಿಟ್ಟರು.

"ಒತ್ತಡ ಐತಿ ಅನ್ನೂದು ಖರೆ. ಯಾಕ ಐತಿ ಅಂತ ಯಾರೂ ಕೇಳಿಲ್ಲಲ್ರಿ."

ಎದೆ, ಪಕ್ಕೆ, ಹೊಟ್ಟೆಯ ಮೇಲ್ಭಾಗ ಎಲ್ಲ ನೋಡಿದರು. ಏನೂ ಸಿಗಲಿಲ್ಲ. ಅವಳನ್ನು ಬಲ ಮಗ್ಗುಲಿಗೆ ಹೊರಳಿಸಿದರು. ಕೊನೆಗೆ ಮಶೀನಿನ ಹಿಡಿಯನ್ನು ಗಂಟಲ ಕುಳಿಯಲ್ಲಿಟ್ಟಾಗ ಅವರ ಕೈ ನಿಂತಿತು. ಮರುದಿನ ಗಂಟಲೊಳಗೆ ನಳಿಗೆ ಇಳಿಸಿ ಖಾತ್ರಿ ಮಾಡಿಕೊಂಡರು. ಬಲ ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಳವೊಂದು ಹೃದಯದ ಎಡಗಡೆಗೆ ಹೋಗದೆ ಬಲಗಡೆ ಸೇರಿತ್ತು, ಪಕ್ಕದಲ್ಲೊಂದು ರಂಧ್ರ. ಒತ್ತಡಕ್ಕೆ ಅದೇ ಕಾರಣ. ಹುಟ್ಟಿನಿಂದಲೇ ಬಂದದ್ದು, ಅಪರೂಪದ್ದು.

"ಇನ್ನೂ ರಿಪೇರಿ ಆಗ್ತೈತಿ. ತಡ ಮಾಡಿದ್ರ ಆಗಂಗಿಲ್ಲ. ಈ ವಾರನ ಹುಬ್ಬಳ್ಳಿಗೆ ಆಪರೇಶನ್ನಿಗೆ ಹೋಗ್ರಿ."

ನಾನು ಹಮಾಲಿಯಿಂದ ಶುರು ಮಾಡಿ ಶೇಂಗಾ ದಲಾಲಿ ಅಂಗಡಿ ಕಟ್ಟಿದವನು. ಹೊಂಬಳದ ಕಡೆಯ ಶೇಂಗಾ ಟ್ರ್ಯಾಕ್ಟರುಗಳು ಪೇಟೆಯಲ್ಲಿ ಸಾಲುಗಟ್ಟಿದ್ದ ಹೊತ್ತು. ದೀಪಾವಳಿ ಕಳೆಯಲಿ ಎಂದೆ. ಅವರು ಒಪ್ಪಲಿಲ್ಲ. ವ್ಯಾಪಾರ ಕುದುರದಿದ್ದರೆ ಎದ್ದು ಬಾಗಿಲತ್ತ ನಡೆಯಬೇಕು, ಹೊಸ್ತಿಲು ದಾಟುವುದರೊಳಗೆ ಎದುರಿನವನು ಕರೆದೇ ಕರೆಯುತ್ತಾನೆ. ಹಾಗೇ ಎದ್ದೆ. ಕರೆ ಬರಲಿಲ್ಲ. ಚೌಕಾಶಿ ಬಲ್ಲವರಿಗೆ ಹೇಳುತ್ತೇನೆ, ಈ ಆಟ ಡಾಕ್ಟರ ಮುಂದೆ ಆಡಬೇಡಿ. ತಿರುಗಿ ನೋಡಿದರೆ ಅವರು ಗಿರಿಜಾಳನ್ನು ಕೇಳುತ್ತಿದ್ದರು.

"ತಂಗಿ, ನೀ ಏನಂತಿ?"

"ನಾ ಹೊಂಟೇನ್ರಿ ಅಣ್ಣಾರ. ಇವರು ಶೇಂಗಾ ನೋಡ್ಕೊಳ್ಳಿ."

ಶೇಂಗಾ ತಮ್ಮನಿಗೆ ಒಪ್ಪಿಸಿ ನಾನೂ ಹೋದೆ.

ಆಪರೇಶನ್ ಆಗಿ ಕೆಲವು ತಿಂಗಳಿಗೆ ಮತ್ತೆ ಖಾದರ್ ಡಾಕ್ಟರ ಕೋಣೆ, ಅದೇ ಕತ್ತಲು. ಅವರು ನೋಡುತ್ತಲೇ ಇದ್ದರು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಾನು ಎಲ್ಲಿಯೂ ಕೂತವನಲ್ಲ. ಕೊನೆಗೆ ಮಶೀನಿನ ಹಿಡಿ ಬದಿಗಿಟ್ಟು ಕನ್ನಡಕ ತೆಗೆದರು.

"ಒತ್ತಡ ಇಳದೈತಿ. ದೀಪ ಹಚ್ಚ್ರಿ, ಸಾವ್ಕಾರ್ರ."

ನನಗೆ ಅವರು ಆಡಿದ ಕೊನೆಯ ಮಾತು ಅದು. ಕಳೆದ ವರ್ಷ ತೀರಿಕೊಂಡರು.

ಮೊನ್ನೆ ವರ್ಷದ ತಪಾಸಣೆಗೆ ಹೋದಾಗ ಆ ಕೋಣೆಯಲ್ಲಿ ಹೊಸ ಡಾಕ್ಟರಿದ್ದರು, ಒಳ್ಳೆಯವರು. ಬೆಳಕಿನಲ್ಲೇ ಶುರು ಮಾಡಲು ಹೋದರು. ಮಲಗಿದ್ದ ಗಿರಿಜಾ ಅವರ ಕೈ ತಡೆದಳು.

"ಮದ್ಲ ದೀಪ ಆರಸ್ರಿ."

ಅವರು ಏಳುವ ಮೊದಲೇ ನಾನು ಎದ್ದು ಆರಿಸಿದೆ.